ಹುಡಿ ಬಿಟ್ಟ ಫೈಬರ್ ದೋಣಿಗೆ ಹೊಳಪು ಮರಳಿಸುವ ಕ್ರಮ

ಹಳೆಯ ಫೈಬರ್ ದೋಣಿಯ ಬದಿಯನ್ನು ಅಂಗೈಯಿಂದ ಒಮ್ಮೆ ಸವರಿ ನೋಡಿ. ಸುಣ್ಣದ ಗೋಡೆಗೆ ಒರಗಿದಂತೆ ಕೈಗೆ ಬಿಳಿ ಹುಡಿ ಹತ್ತಿತೋ, ಕೆಂಪು ದೋಣಿ ಮಾಸಲು ಗುಲಾಬಿಯಾಗಿದೆಯೋ, ಕಡುನೀಲಿ ದೋಣಿ ಬೂದಿ ಬಳಿದಂತಿದೆಯೋ, ಹೆಚ್ಚಿನವರಿಗೆ ಹೊಳೆಯುವುದು ಒಂದೇ ದಾರಿ: ಒಂದು ಡಬ್ಬ ಎನಾಮೆಲ್ ತಂದು ಬಳಿಯುವುದು. ಹುಡಿಯ ಮೇಲೆ ಬಳಿದ ಪೇಂಟ್ ದೋಣಿಗೆ ಅಂಟಿರುವುದಿಲ್ಲ, ಹುಡಿಗೆ ಅಂಟಿರುತ್ತದೆ. ಒಂದೆರಡು ಮಳೆಗಾಲದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಆಮೇಲೆ ಅದನ್ನು ಕೆರೆದು ತೆಗೆಯುವುದೇ ಮೂಲ ಕೆಲಸದ ಎರಡರಷ್ಟಾಗುತ್ತದೆ. ಇಪ್ಪತ್ತು-ಮೂವತ್ತು ವರ್ಷದ ದೋಣಿಯಲ್ಲೂ ಮೂಲ ಬಣ್ಣ ಸಾಮಾನ್ಯವಾಗಿ ಹುಡಿಯ ಅಡಿಯಲ್ಲೇ ಕುಳಿತಿರುತ್ತದೆ. ಅದನ್ನು ಹೊರಗೆ ತರಲು ಬೇಕಾದ್ದು ನೀರು, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಕಾಂಪೌಂಡ್ (ಉಜ್ಜಿ ಹೊಳಪಿಸುವ ಪೇಸ್ಟ್), ಮೇಣ, ಮತ್ತೆ ಎಲ್ಲಿ ನಿಲ್ಲಿಸಬೇಕೆಂಬ ಅಂದಾಜು. ಕೆಲಸ ಕೆಡುವುದು ಹೆಚ್ಚಾಗಿ ಈ ಕೊನೆಯದು ತಪ್ಪಿದಾಗ.

ಮಾಸುವುದು ಯಾವ ಪದರ

ಫೈಬರ್ ದೋಣಿಯನ್ನು ಹೊರಗಿನಿಂದ ಒಳಕ್ಕೆ ಕಟ್ಟುತ್ತಾರೆ. ಅಚ್ಚಿಗೆ ಮೇಣ ಹಚ್ಚಿ, ಮೊದಲು ಬಣ್ಣ ಬೆರೆಸಿದ ಜೆಲ್‌ಕೋಟ್ ಬಳಿದು, ಅದು ಬಿಗಿದ ಮೇಲೆ ಗಾಜಿನ ನಾರಿನ ಮ್ಯಾಟ್ ಮತ್ತು ರೆಸಿನ್ (ಬೆರೆಸಿದ ಮೇಲೆ ಗಟ್ಟಿಯಾಗುವ ಅಂಟು ದ್ರವ) ಪದರಗಳನ್ನು ಕೂರಿಸುತ್ತಾರೆ. ದೋಣಿ ಅಚ್ಚಿನಿಂದ ಹೊರಬಂದಾಗ ನಮ್ಮ ಕಣ್ಣಿಗೆ ಬೀಳುವ ಹೊಳಪು ಅಚ್ಚಿನದ್ದು. ಜೆಲ್‌ಕೋಟ್ ಅಂದರೆ ಪೇಂಟ್ ಅಲ್ಲ, ಬಣ್ಣ ಹಾಕಿದ ಪಾಲಿಯೆಸ್ಟರ್ ರೆಸಿನ್. ದಪ್ಪ ಸಾಮಾನ್ಯವಾಗಿ 0.4ರಿಂದ 0.6 ಮಿ.ಮೀ., ಎಟಿಎಂ ಕಾರ್ಡಿಗಿಂತ ತೆಳು. ಪೇಂಟಿನ ಪದರಕ್ಕೆ ಹೋಲಿಸಿದರೆ ಇದು ದಪ್ಪವೇ. ಹಾಗಾಗಿಯೇ ಇದನ್ನು ಉಜ್ಜಿ ಮತ್ತೆ ಹೊಳಪಿಸಬಹುದು. ಆದರೆ ಪ್ರತಿ ಸಲ ಉಜ್ಜಿದಾಗಲೂ ಒಂದಿಷ್ಟು ಹೋಗುತ್ತದೆ, ಹೋದದ್ದು ಮರಳುವುದಿಲ್ಲ.

ಬಿಸಿಲಿನ ನೇರಳಾತೀತ ಕಿರಣ ಮೇಲ್ಮೈಯ ರೆಸಿನ್‌ನ ಕೊಂಡಿಗಳನ್ನು ಕಡಿಯುತ್ತದೆ. ರೆಸಿನ್ ಸವೆದಂತೆ ಅದರೊಳಗಿದ್ದ ಬಣ್ಣದ ಕಣಗಳು ಹಿಡಿತ ತಪ್ಪಿ ಹುಡಿಯಾಗುತ್ತವೆ. ಮೇಲ್ಮೈ ಸಣ್ಣ ಸಣ್ಣ ಗುಳಿಗಳಿಂದ ಒರಟಾಗಿ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ, ಬಣ್ಣ ಬಿಳಿಚಿದಂತೆ ಕಾಣುತ್ತದೆ. ಈ ಸತ್ತ ಪದರ ಬಹುತೇಕ ಕೂದಲೆಳೆಯಷ್ಟೂ ದಪ್ಪ ಇರುವುದಿಲ್ಲ. ಕೆಂಪು ಮತ್ತು ಕಡುನೀಲಿಯಲ್ಲಿ ಇದು ಬೇಗ ಎದ್ದು ಕಾಣುತ್ತದೆ, ಬಿಳಿಯಲ್ಲಿ ತಡವಾಗಿ. ಹಳೆಯ ದೋಣಿಗಳ ಜೆಲ್‌ಕೋಟ್ ಆರ್ಥೋ ರೆಸಿನ್‌ನದ್ದಾಗಿದ್ದರೆ, ಅಂಗಡಿಯವರು ಜಿಪಿ ಎನ್ನುವುದೂ ಇದನ್ನೇ, ಆಮೇಲೆ ಬಳಕೆಗೆ ಬಂದ ಐಸೋ ಜೆಲ್‌ಕೋಟ್‌ಗಿಂತ ಬೇಗ ಹುಡಿ ಬಿಡುತ್ತದೆ.

ಕೈ ಹಾಕುವ ಮುಂಚೆ ನಾಲ್ಕು ಪರೀಕ್ಷೆ

ಮೊದಲನೆಯದು ಒದ್ದೆ ಬಟ್ಟೆಯ ಪರೀಕ್ಷೆ. ಮಾಸಿದ ಜಾಗವನ್ನು ನೀರಿನಿಂದ ಒದ್ದೆ ಮಾಡಿ. ಒದ್ದೆ ಇರುವಷ್ಟು ಹೊತ್ತು ಬಣ್ಣ ಗಾಢವಾಗಿ ಮರಳಿ ಬಂದರೆ, ಪಾಲಿಶ್ ಆದ ಮೇಲೆ ಹೆಚ್ಚುಕಡಿಮೆ ಅದೇ ಬಣ್ಣ ಸಿಗುತ್ತದೆ. ಗುಳಿಗಳನ್ನು ಈಗ ನೀರು ತುಂಬಿದೆ, ಪಾಲಿಶ್ ಮಾಡುವುದು ಆ ಗುಳಿಗಳನ್ನೇ ತೆಗೆದುಹಾಕಲು. ಒದ್ದೆ ಮಾಡಿದಾಗ ಬಣ್ಣ ಬರುವ ಬದಲು ಅಲ್ಲಲ್ಲಿ ಕಂದು-ಹಸಿರು ನೆರಳು, ನಾರಿನ ಹೆಣಿಗೆಯ ಗುರುತು ಕಂಡರೆ ಅಲ್ಲಿ ಜೆಲ್‌ಕೋಟ್ ಮುಗಿದಿದೆ ಎಂದರ್ಥ. ಆ ಜಾಗಕ್ಕೆ ಈಗಲೇ ಪೆನ್ಸಿಲ್ಲಿನಿಂದ ಸುತ್ತು ಹಾಕಿಡಿ, ಅಲ್ಲಿ ಪೇಪರ್ ಮುಟ್ಟಿಸಬಾರದು.

ಎರಡನೆಯದು, ಇದು ಜೆಲ್‌ಕೋಟೋ, ಯಾರೋ ಹಿಂದೆ ಬಳಿದ ಪೇಂಟೋ ಎಂದು ತಿಳಿಯುವುದು. ಒಣಹುಡಿಯನ್ನು ಪೂರ್ತಿ ಒರೆಸಿ ತೆಗೆದ ಮೇಲೆ ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಒಂದೇ ಜಾಗದಲ್ಲಿ ಹತ್ತು-ಹನ್ನೆರಡು ಸಲ ಉಜ್ಜಿ. ಮೇಲ್ಮೈ ಅಂಟಂಟಾಗಿ ಬಣ್ಣ ಕರಗಿ ಬಂದರೆ ಅದು ಎನಾಮೆಲ್. ಹುಡಿ ತೆಗೆಯದೆ ಉಜ್ಜಿದರೆ ಜೆಲ್‌ಕೋಟ್‌ನ ಹುಡಿಯೇ ಬಟ್ಟೆಗೆ ಹತ್ತಿ ದಾರಿ ತಪ್ಪಿಸುತ್ತದೆ. ಪೇಂಟ್ ಬಳಿದ ದೋಣಿಗೆ ಮುಂದಿನ ವಿಧಾನ ನೇರವಾಗಿ ಹೊಂದುವುದಿಲ್ಲ.

ಮೂರನೆಯದು ಬಿರುಕು. ಹುಡಿ ತುಂಬಿದ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಒದ್ದೆ ಮಾಡಿ ಒರೆಸಿ, ಒಣಗುತ್ತಿರುವಾಗ ನೋಡಿ. ಬಿರುಕಿನೊಳಗಿನ ನೀರು ತಡವಾಗಿ ಆರುವುದರಿಂದ ಗೆರೆ ಎದ್ದು ಕಾಣುತ್ತದೆ. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ್ದರೆ ಅಲ್ಲಿ ಏಟು ಬಿದ್ದಿದೆ. ಕಂಬಿ, ಕೊಕ್ಕೆಗಳ ಬುಡದಲ್ಲಿ ಸಮಾನಾಂತರ ಗೆರೆಗಳಿದ್ದರೆ ಆ ಜಾಗ ಬಾಗುತ್ತಿದೆ. ಎರಡನೆಯದಕ್ಕೆ ಒಳಗಿನಿಂದ ಆಸರೆ ಕೊಡದೆ ಮೇಲೆ ಎಷ್ಟು ತುಂಬಿದರೂ ಮತ್ತೆ ಬಿಡುತ್ತದೆ.

ನಾಲ್ಕನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಬಿಸಿಲು ಹೆಚ್ಚು ಬೀಳುವ ಕಡೆ, ಅತಿ ಕೆಟ್ಟ ಜಾಗ ಆರಿಸಿ ಒಂದು ಚದರಡಿಗೆ ಟೇಪ್ ಹಚ್ಚಿ. ಮೊದಲು ಬರೀ ಕಾಂಪೌಂಡ್ ಹಾಕಿ ಉಜ್ಜಿ. ಹೊಳಪು ಬರದಿದ್ದರೆ 1500 ನಂಬರ್ ಪೇಪರ್ ಆಡಿಸಿ ಮತ್ತೆ ಕಾಂಪೌಂಡ್ (ನಂಬರ್ ಕಡಿಮೆಯಾದಷ್ಟೂ ಪೇಪರ್ ಒರಟು). ಅದೂ ಸಾಲದಿದ್ದರೆ 1000, ಆಮೇಲೆ 800. ಯಾವ ನಂಬರಿಗೆ ಫಲ ಸಿಕ್ಕಿತೋ ಅದೇ ಇಡೀ ದೋಣಿಗೆ ಶುರುವಿನ ನಂಬರ್. ಅದಕ್ಕಿಂತ ಒರಟಿನಿಂದ ಶುರು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ ಅನ್ನಿಸುತ್ತದೆ. ನಿಜಕ್ಕೂ ಬೇಗ ಮುಗಿಯುವುದು ಜೆಲ್‌ಕೋಟ್.

ಯಾವ ಕಾಲದಲ್ಲಿ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನ ದೋಣಿ ಹೇಗೂ ದಡದಲ್ಲೇ ಇರುತ್ತದೆ, ಆಗಲೇ ಮಾಡಿಬಿಡೋಣ ಎನ್ನಿಸುವುದು ಸಹಜ. ತೊಳೆಯುವುದು, ನೀರು ಹಾಕಿ ಪೇಪರ್ ಆಡಿಸುವುದು ಶೆಡ್ಡಿನಡಿ ಆಗ ಮಾಡಬಹುದು. ಬಿರುಕು ತುಂಬುವುದು, ಮೇಣ ಹಚ್ಚುವುದು, ಪೇಂಟ್ ಹಚ್ಚುವುದು ಬೇಡ. ಹಸಿ ಗಾಳಿಯಲ್ಲಿ ರೆಸಿನ್ ಸರಿಯಾಗಿ ಬಿಗಿಯುವುದಿಲ್ಲ, ಬಿರುಕಿನೊಳಗಿನ ತೇವ ಆರುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆಗಲೂ ಬೆಳಿಗ್ಗೆಯ ಇಬ್ಬನಿ ಒರೆಸಿ, ಏಳರಿಂದ ಹತ್ತೂವರೆವರೆಗೆ, ಮತ್ತೆ ಸಂಜೆ ನಾಲ್ಕರ ನಂತರ. ಅಂಗೈ ಹಿಂಬದಿ ದೋಣಿಗೆ ಒತ್ತಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಕಾಂಪೌಂಡ್ ಹಾಕಿದ ಕೂಡಲೇ ಒಣಗಿ ಗಂಟುಕಟ್ಟುತ್ತದೆ.

ಬೇಕಾಗುವ ಸಾಮಾನು

ಲೆಕ್ಕಕ್ಕೆ ಇಪ್ಪತ್ತಡಿ ಉದ್ದದ ದೋಣಿ ಇಟ್ಟುಕೊಳ್ಳೋಣ. ನೀರುಗೆರೆಯಿಂದ ಮೇಲೆ ಎರಡು ಬದಿ, ಹಿಂಬದಿ ಸೇರಿ ಸುಮಾರು ನೂರು ಚದರಡಿ. ವಾಟರ್ ಪೇಪರ್ ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಒಂದು ತುಂಡು ಎರಡು-ಮೂರು ಚದರಡಿಗೆ ಸವೆಯುತ್ತದೆ. ಹಾಗಾಗಿ ಪ್ರತಿ ನಂಬರಿಗೂ ಹತ್ತು ಹಾಳೆ: 800, 1000, 1500, 2000. ಕಟ್ಟಿಂಗ್ ಕಾಂಪೌಂಡ್ ಒಂದು ಲೀಟರ್, ಫಿನಿಶಿಂಗ್ ಪಾಲಿಶ್ ಅರ್ಧ ಲೀಟರ್, ಕಾರ್ನಾಬಾ ಮೇಣ 200 ಗ್ರಾಂ ಡಬ್ಬ ಒಂದು. ಉಣ್ಣೆಯ ಪ್ಯಾಡ್ ಎರಡಾದರೂ ಬೇಕು, ಒಂದು ತುಂಬಿಕೊಂಡಾಗ ಇನ್ನೊಂದು. ಫೋಮ್ ಪ್ಯಾಡ್ ಎರಡು. ರಬ್ಬರ್ ಬ್ಲಾಕ್, ಕನ್ನಡಿ ಒರೆಸುವ ರಬ್ಬರ್ ವೈಪರ್, ಮಾಸ್ಕಿಂಗ್ ಟೇಪ್, ಒಗೆದ ಬನಿಯನ್ ಬಟ್ಟೆ ಒಂದು ಗೋಣಿ, ಅಸಿಟೋನ್ ಒಂದು ಲೀಟರ್, ಆಕ್ಸಾಲಿಕ್ ಆಸಿಡ್ ಹರಳು ಅರ್ಧ ಕಿಲೋ.

ಯಂತ್ರದ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಬ್ಬಿಣ ಕತ್ತರಿಸುವ ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್‌ಗೆ ಉಣ್ಣೆ ಟೊಪ್ಪಿ ತೊಡಿಸಿ ಪಾಲಿಶ್ ಮಾಡುವ ಅಭ್ಯಾಸ ಎಲ್ಲೆಡೆ ಇದೆ. ಆ ಯಂತ್ರ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಜೆಲ್‌ಕೋಟ್‌ಗೆ ಬೇಕಾದ್ದು 1,000ದಿಂದ 1,800. ಗ್ರೈಂಡರ್ ಮೂರು ಸೆಕೆಂಡ್ ಒಂದೇ ಕಡೆ ನಿಂತರೆ ರೆಸಿನ್ ಸುಟ್ಟು ಹಳದಿ ಕಲೆಯಾಗುತ್ತದೆ. ವೇಗ ಬದಲಿಸಬಹುದಾದ ಏಳಿಂಚಿನ ಪಾಲಿಶರ್ ಬಾಡಿಗೆಗೆ ಸಿಗದಿದ್ದರೆ ಕೈಯಲ್ಲೇ ಉಜ್ಜುವುದು ಮೇಲು. ಇಬ್ಬರು ಸೇರಿ ಯಂತ್ರದಲ್ಲಿ ನಾಲ್ಕೈದು ದಿನದ ಕೆಲಸ, ಕೈಯಲ್ಲಾದರೆ ಅದರ ದುಪ್ಪಟ್ಟು.

ತೊಳೆಯುವುದು, ಕಲೆ ತೆಗೆಯುವುದು

ಸಿಹಿನೀರಿನಲ್ಲಿ ಎರಡು ಸಲ ತೊಳೆಯಿರಿ. ಸಂದುಗಳಲ್ಲಿ ಕೂತ ಉಪ್ಪಿನ ಹರಳು, ಮರಳು ಪೇಪರಿನಡಿ ಸಿಕ್ಕರೆ ನಿಮ್ಮ 2000 ನಂಬರ್ ಪೇಪರ್ 80 ನಂಬರಿನಂತೆ ಗೀರುತ್ತದೆ. ಪಾತ್ರೆ ತೊಳೆಯುವ ದ್ರವ ಸಾಕು. ಆಮೇಲೆ ಅಸಿಟೋನ್‌ನಿಂದ ಒರೆಸಿ: ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮುಂಚೆ ಇನ್ನೊಂದು ಒಣಬಟ್ಟೆಯಲ್ಲಿ ತೆಗೆಯಿರಿ. ಒಂದೇ ಬಟ್ಟೆ ಬಳಸಿದರೆ ಜಿಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ ಅಷ್ಟೆ. ಹಿಂದೆ ಯಾರಾದರೂ ಸಿಲಿಕೋನ್ ಇರುವ ಕಾರ್ ಪಾಲಿಶ್ ಹಚ್ಚಿದ್ದರೆ ಈ ಹಂತ ತಪ್ಪಿಸಲೇಬಾರದು. ಪೇಪರ್ ಆಡಿಸಿದಾಗ ಸಿಲಿಕೋನ್ ಗೀರುಗಳೊಳಗೆ ಇಳಿದು, ಮುಂದೆ ಹಚ್ಚುವ ಜೆಲ್‌ಕೋಟ್ ಅಥವಾ ಪೇಂಟ್ ಅಲ್ಲಲ್ಲಿ ಹಿಂಜರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ.

ನೀರುಗೆರೆಯ ಮೇಲಿನ ಚಹಾ ಬಣ್ಣದ ಕಲೆ, ಸ್ಕ್ರೂಗಳ ಕೆಳಗೆ ಇಳಿದ ತುಕ್ಕಿನ ಗೆರೆ ಸೋಪಿಗೆ ಹೋಗುವುದಿಲ್ಲ. ಅವನ್ನು ಪೇಪರ್ ಹಾಕಿ ತೆಗೆಯುವುದು ಜೆಲ್‌ಕೋಟ್ ದಂಡ ಮಾಡಿದಂತೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ಬೆಚ್ಚನೆ ನೀರಿಗೆ 50-60 ಗ್ರಾಂ ಆಕ್ಸಾಲಿಕ್ ಆಸಿಡ್ ಹರಳು ಹಾಕಿ ಕರಗಿಸಿ, ಬ್ರಷ್‌ನಿಂದ ಹಚ್ಚಿ, ಹತ್ತು-ಹದಿನೈದು ನಿಮಿಷ ಬಿಡಿ. ಒಣಗಲು ಬಿಡದೆ ಮತ್ತೆ ಮತ್ತೆ ಸವರುತ್ತಿರಿ. ಕಲೆ ಕಣ್ಣೆದುರೇ ಮಾಯವಾಗುತ್ತದೆ. ಧಾರಾಳ ನೀರಿನಿಂದ ತೊಳೆಯಿರಿ. ಇದು ವಿಷ, ಕೈಗವಸು ಮತ್ತು ಕನ್ನಡಕ ಬೇಕು. ಅಲ್ಯುಮಿನಿಯಂ ಭಾಗ, ಟ್ರೈಲರ್‌ನ ಸತು ಲೇಪನದ ಮೇಲೆ ಬೀಳಬಾರದು. ಟಾಯ್ಲೆಟ್ ತೊಳೆಯುವ ಆಸಿಡ್ ಇದೇ ಕೆಲಸ ಮಾಡುತ್ತದೆಂದು ಸುರಿಯುವವರಿದ್ದಾರೆ. ಅದು ಸ್ಟೇನ್‌ಲೆಸ್ ಸ್ಕ್ರೂಗಳನ್ನೂ ತಿನ್ನುತ್ತದೆ. ಕಪ್ಪು ಬೂಷ್ಟಿಗೆ ಬ್ಲೀಚ್ ಹಾಕುವುದಿದ್ದರೆ ಅದು ಬೇರೆ ದಿನ. ಆಸಿಡ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ನೀರುಗೆರೆಯ ಕೆಳಗೆ ಪಾಚಿ, ಚಿಪ್ಪು ಹತ್ತದಂತೆ ಬಳಿದ ಆ್ಯಂಟಿಫೌಲಿಂಗ್ ಪೇಂಟನ್ನು ಈ ಕೆಲಸದಲ್ಲಿ ಮುಟ್ಟಬೇಡಿ, ಟೇಪ್ ಹಚ್ಚಿ ಬೇರ್ಪಡಿಸಿ. ಒಣಗಿದ್ದಾಗ ಉಜ್ಜಿದರೆ ತಾಮ್ರದ ವಿಷದ ಹುಡಿ ಏಳುತ್ತದೆ. ತೀರಾ ಹಳೆಯ ದೋಣಿಯಲ್ಲಿ 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದಡಿ ನಿಷೇಧವಾದ ತವರದ ಸಂಯುಕ್ತವಿರುವ ಪೇಂಟೂ ಅಡಿಯಲ್ಲಿರಬಹುದು.

ಬಿರುಕು, ಕಚ್ಚು ತುಂಬುವುದು

ಇಡೀ ಕೆಲಸದಲ್ಲಿ ಅಪಾಯವಿರುವುದು ಇಲ್ಲಿ, ನಿಧಾನವಾಗಿ ಓದಿ.

ಮೊದಲು ಬಿರುಕಿನ ಪಕ್ಕದ ಒಂದು ಗೇಣು ಜಾಗವನ್ನು ಪೂರ್ತಿ ಪಾಲಿಶ್ ಮಾಡಿ ನಿಜವಾದ ಬಣ್ಣ ಹೊರತನ್ನಿ. ಹುಡಿ ಬಿಟ್ಟ ಬಣ್ಣಕ್ಕೆ ಹೊಂದಿಸಿದ ತೇಪೆ, ದೋಣಿ ಹೊಳೆದ ಮೇಲೆ ಬೇರೆಯೇ ಕಾಣುತ್ತದೆ. ಹಳೆಯ ಬಿಳಿ ಎಂದರೆ ಬಿಳಿಯಲ್ಲ. ಅದಕ್ಕೆ ಹಳದಿಯ ಒಂದು ಎಳೆ, ಕೆಲವೊಮ್ಮೆ ಕಪ್ಪಿನ ಒಂದು ಹನಿ ಬೇಕಾಗುತ್ತದೆ. ಪಾಲಿಯೆಸ್ಟರ್ ಪಿಗ್ಮೆಂಟ್ ಪೇಸ್ಟ್ ಮಾತ್ರ ಬಳಸಿ. ಗೋಡೆ ಪೇಂಟಿನ ಸ್ಟೈನರ್ ಹಾಕಿದರೆ ರೆಸಿನ್ ಗಟ್ಟಿಯಾಗುವುದಿಲ್ಲ. ಬೆರೆಸಿದ ಬಣ್ಣವನ್ನು ದೋಣಿಗೆ ಅಂಟಿಸಿದ ಮಾಸ್ಕಿಂಗ್ ಟೇಪಿನ ಮೇಲೆ ಬಳಿದು, ಬಿಗಿದ ಮೇಲೆ ನೋಡಿ. ಹಸಿ ಇದ್ದಾಗಿನ ಬಣ್ಣ ಒಣಗಿದಾಗ ಕೊಂಚ ಬದಲಾಗುತ್ತದೆ.

ಬಿರುಕಿನ ಮೇಲೆ ಹಾಗೇ ಬಳಿದರೆ ಅದು ಒಳಗೆ ಇಳಿಯುವುದಿಲ್ಲ. ಮೂರು ಮೂಲೆಯ ಕೆರೆಯುವ ಉಳಿ ಅಥವಾ ಸಣ್ಣ ರೋಟರಿ ಯಂತ್ರದಿಂದ ಮೂರು-ನಾಲ್ಕು ಮಿ.ಮೀ. ಅಗಲಕ್ಕೆ ಇಳಿಜಾರಾಗಿ ಬಿಡಿಸಿ. ಬಿರುಕಿನ ತುದಿಯಿಂದ ಅರ್ಧ ಇಂಚು ಮುಂದಕ್ಕೂ ಬಿಡಿಸಿ, ಇಲ್ಲದಿದ್ದರೆ ಅಲ್ಲಿಂದಲೇ ಮತ್ತೆ ಓಡುತ್ತದೆ. ಅಸಿಟೋನ್ ಒರೆಸಿ, ಒಣಗಲು ಬಿಡಿ.

ನಮ್ಮಲ್ಲಿ ಜೆಲ್‌ಕೋಟ್ ಜೊತೆ ಎರಡು ಸಣ್ಣ ಬಾಟಲಿ ಕೊಡುವುದುಂಟು. ನೇರಳೆ ಬಣ್ಣದ್ದು ಕೋಬಾಲ್ಟ್ ಎಕ್ಸಲರೇಟರ್. ನೀರಿನಂತೆ ತಿಳಿಯಾಗಿರುವುದು ಎಂಇಕೆಪಿ, ಅಂಗಡಿಯ ಭಾಷೆಯಲ್ಲಿ ಹಾರ್ಡನರ್ ಅಥವಾ ಕ್ಯಾಟಲಿಸ್ಟ್. ಇವೆರಡನ್ನು ಎಂದೂ ನೇರವಾಗಿ ಬೆರೆಸಬಾರದು. ಒಂದೇ ಅಳತೆಲೋಟ, ಒಂದೇ ಸಿರಿಂಜ್ ಕೂಡ ಬೇಡ. ಬೆರೆತರೆ ಬೆಂಕಿ ಹೊತ್ತುತ್ತದೆ, ಸಿಡಿಯಲೂಬಹುದು. ಜೆಲ್‌ಕೋಟ್‌ಗೆ ಮೊದಲೇ ಕೋಬಾಲ್ಟ್ ಸೇರಿಸಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಅಂಗಡಿಯವರೇ ಅಳೆದು ಬೆರೆಸಿ ಕೊಡಲಿ. ಕೋಬಾಲ್ಟ್‌ನ ಗಾಢತೆ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಅಂದಾಜಿನ ಹನಿಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಂಇಕೆಪಿ ಸೇರಿಸುವುದು ಬಳಸುವ ಕ್ಷಣದಲ್ಲಿ ಮಾತ್ರ: 100 ಗ್ರಾಂ ಜೆಲ್‌ಕೋಟ್‌ಗೆ 1ರಿಂದ 2 ಗ್ರಾಂ. ನಮ್ಮ 28-30 ಡಿಗ್ರಿ ಶೆಕೆಗೆ ಒಂದೂವರೆ ಗ್ರಾಂ ಸರಿ. ಅಡಿಗೆಮನೆ ತಕ್ಕಡಿ ಇದಕ್ಕೆ ಆಗದು. ಆಭರಣ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಅಥವಾ ಸೂಜಿ ತೆಗೆದ 2 ಮಿ.ಲೀ. ಸಿರಿಂಜ್ ಇರಲಿ. ಒಂದು ಶೇಕಡಕ್ಕಿಂತ ಕಡಿಮೆಯಾದರೆ ಎಷ್ಟು ದಿನ ಕಾದರೂ ಪೂರ್ತಿ ಗಟ್ಟಿಯಾಗದು. ಬೇಗ ಬಿಗಿಯಲಿ ಎಂದು ಮೂರಕ್ಕೆ ಏರಿಸಿದರೆ ಪೆಡಸಾಗಿ, ಹಳದಿಗಟ್ಟಿ, ಮತ್ತೆ ಬಿರುಕು ಬಿಡುತ್ತದೆ. ಎಂಇಕೆಪಿ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕವಿಲ್ಲದೆ ಮುಚ್ಚಳ ತೆರೆಯಬೇಡಿ. ಹಾರಿದರೆ ಕೂಡಲೇ ಹದಿನೈದು ನಿಮಿಷ ನೀರು ಹಾಕಿ ತೊಳೆದು ಆಸ್ಪತ್ರೆಗೆ ಹೋಗಿ. ಕುಡಿಯುವ ನೀರಿನ ಬಾಟಲಿಯಲ್ಲಿ ಇದನ್ನು ಎಂದೂ ತುಂಬಿಡಬೇಡಿ. ಬೀಡಿ ಹಚ್ಚಿಕೊಂಡು ಬೆರೆಸಲು ಕೂರುವವರಿಗೆ ಬೇರೆ ಏನು ಹೇಳಿದರೂ ಪ್ರಯೋಜನವಿಲ್ಲ.

ಬೆರೆಸಿದ್ದನ್ನು ಸುತ್ತಲಿನ ಮಟ್ಟಕ್ಕಿಂತ ಅರ್ಧ ಮಿ.ಮೀ. ಎತ್ತರವಾಗುವಂತೆ ತುಂಬಿ, ಬಿಗಿಯುವಾಗ ಅದು ಕುಗ್ಗುತ್ತದೆ. ಜೆಲ್‌ಕೋಟ್ ಗಾಳಿ ತಾಗಿದ ಕಡೆ ಅಂಟಾಗಿಯೇ ಉಳಿಯುವ ಸ್ವಭಾವದ್ದು. ದೋಣಿ ಕಟ್ಟುವಾಗ ಅಚ್ಚು ಅದನ್ನು ಮುಚ್ಚಿರುತ್ತಿತ್ತು. ಇಲ್ಲಿ ಆ ಕೆಲಸಕ್ಕೆ ದಪ್ಪನೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಗುಳ್ಳೆ ಬಾರದಂತೆ ಬೆರಳಿನಿಂದ ಸವರಿ, ಟೇಪ್ ಹಚ್ಚಿ. ಮರುದಿನ ಹಾಳೆ ಕಿತ್ತರೆ ಗಾಜಿನಂತೆ ನುಣುಪಾಗಿರುತ್ತದೆ. ಎತ್ತರವನ್ನು ಬ್ಲಾಕ್ ಮೇಲಿನ 220, 400, 600 ನಂಬರುಗಳಲ್ಲಿ ತೇಪೆಯ ಮೇಲೆ ಮಾತ್ರ ಇಳಿಸಿ. ಸುತ್ತ ಎರಡು ಪದರ ಟೇಪ್ ಹಚ್ಚಿದ್ದರೆ ಹಳೆಯ ಜೆಲ್‌ಕೋಟ್ ಉಳಿಯುತ್ತದೆ.

ವಾಟರ್ ಪೇಪರ್

ಪೇಪರ್ ತುಂಡುಗಳನ್ನು ಅರ್ಧ ಗಂಟೆ ಮುಂಚೆ ನೀರಲ್ಲಿ ನೆನೆಹಾಕಿ. ಬಕೆಟ್ಟಿಗೆ ನಾಲ್ಕು ಹನಿ ಪಾತ್ರೆ ಸೋಪು ಹಾಕಿದರೆ ಪೇಪರ್ ಕಚ್ಚುವುದಿಲ್ಲ. ಎರಡಡಿ ಅಗಲದ ಪಟ್ಟಿ ಹಿಡಿದುಕೊಂಡು, ಮೃದುವಾದ ಪೆನ್ಸಿಲ್‌ನಿಂದ ಅದರ ಮೇಲೆ ಅಡ್ಡಾದಿಡ್ಡಿ ಗೀಟು ಎಳೆಯಿರಿ. ಪೇಪರ್ ಆಡಿಸುತ್ತ ಹೋದಂತೆ ಗೀಟುಗಳೆಲ್ಲ ಒಂದೇ ಸಮ ಮಾಯವಾದಾಗ ಆ ನಂಬರಿನ ಕೆಲಸ ಮುಗಿಯಿತು, ಅಲ್ಲಿಗೆ ಕೈ ತೆಗೆಯಿರಿ. ಒಂದು ಕಡೆ ಗೀಟು ಉಳಿದು ಪಕ್ಕದಲ್ಲಿ ಹೋಗಿದ್ದರೆ ಒತ್ತಡ ಸಮವಿಲ್ಲ, ಬೆರಳಿನಿಂದ ಒತ್ತುತ್ತಿದ್ದೀರಿ. ಪೇಪರನ್ನು ಬ್ಲಾಕಿಗೆ ಸುತ್ತಿಯೇ ಹಿಡಿಯಿರಿ.

ಪ್ರತಿ ನಂಬರಿಗೂ ದಿಕ್ಕು ಬದಲಿಸಿ: 800 ಅಡ್ಡಕ್ಕೆ, 1000 ಓರೆಗೆ, 1500 ಎದುರು ಓರೆಗೆ, 2000 ಮತ್ತೆ ಅಡ್ಡಕ್ಕೆ. ಹಾಗೆ ಮಾಡಿದರೆ ಹಿಂದಿನ ನಂಬರಿನ ಗೀರು ಉಳಿದಿದ್ದರೆ ಬೇರೆ ದಿಕ್ಕಿನಲ್ಲಿ ಕಾಣುತ್ತದೆ. ನೋಡುವುದು ಒದ್ದೆಯಲ್ಲಲ್ಲ. ವೈಪರ್ ಎಳೆದು, ಒಣಗಿಸಿ, ಬೆಳಕಿಗೆ ಓರೆಯಾಗಿ ನಿಂತು ನೋಡಿ. ಒದ್ದೆಯಲ್ಲಿ ಎಲ್ಲ ದೋಣಿಯೂ ಚೆನ್ನಾಗಿಯೇ ಕಾಣುತ್ತದೆ. 1000ದಿಂದ 2000ಕ್ಕೆ ಹಾರಿದವರು ಉಳಿತಾಯ ಮಾಡಿದ ಎರಡು ಗಂಟೆಯನ್ನು ಪಾಲಿಶರ್ ಹಿಡಿದು ಐದು ಗಂಟೆ ತೀರಿಸುತ್ತಾರೆ. ಅಷ್ಟಾದರೂ ಸಂಜೆ ಬಿಸಿಲಿಗೆ ಗೀರು ಇಣುಕುತ್ತದೆ.

ಹರಿಯುವ ನೀರಿನ ಬಣ್ಣ ಗಮನಿಸುತ್ತಿರಿ. ನೀಲಿ ದೋಣಿಯಿಂದ ಮೊದಲು ಬಿಳಿಚಿದ ನೀರು ಬರುತ್ತದೆ, ಆಮೇಲೆ ಗಾಢ ನೀಲಿ. ಗಾಢವಾದಾಗ ಜೀವಂತ ಪದರ ತಲುಪಿದ್ದೀರಿ. ಬಣ್ಣದ ನಡುವೆ ಮಬ್ಬಾದ, ಅರೆಪಾರದರ್ಶಕ ಮಚ್ಚೆ ಕಂಡ ಕ್ಷಣ ನಿಲ್ಲಿಸಿ. ಅದರಡಿ ನಾರು. ಏಣುಗಳು, ಮೂಲೆಗಳ ಮೇಲೆ ಬ್ಲಾಕಿನ ಭಾರವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ. ಅಲ್ಲಿಗೆ ಮೊದಲೇ ಟೇಪ್ ಹಚ್ಚಿಟ್ಟು, ಕೊನೆಗೆ 1500ರಿಂದ ಬರಿಗೈಯಲ್ಲಿ ನಾಲ್ಕು ಸಲ ಸವರಿದರೆ ಸಾಕು.

ಹಳೆಯ ನೋಂದಣಿ ಸಂಖ್ಯೆ, ಹೆಸರು ಅಂಟಿಸಿದ್ದ ಜಾಗ ಬಿಸಿಲು ಕಂಡಿರುವುದಿಲ್ಲ. ಸ್ಟಿಕ್ಕರ್ ಕಿತ್ತರೆ ಅಕ್ಷರದ ನೆರಳು ಗಾಢವಾಗಿ ಉಳಿಯುತ್ತದೆ. ಅದನ್ನು ಪೂರ್ತಿ ಅಳಿಸಲು ಹೊರಟರೆ ಸುತ್ತಲಿನ ಜೆಲ್‌ಕೋಟ್ ತೆಳುವಾಗುತ್ತದೆ. ಹೊಸ ಸಂಖ್ಯೆಯನ್ನು ಅದೇ ಜಾಗದಲ್ಲಿ, ಅದೇ ಗಾತ್ರದಲ್ಲಿ ಬರೆಸುವುದು ಜಾಣತನ.

ಜಾರದಿರಲಿ ಎಂದು ಉಬ್ಬುಚುಕ್ಕಿ ಹಾಕಿದ ಡೆಕ್ಕಿನ ಮೇಲೆ ಪೇಪರೂ ಬೇಡ, ಮೇಣವೂ ಬೇಡ. ಆಕ್ಸಾಲಿಕ್ ಹಾಕಿ ನೈಲಾನ್ ಬ್ರಷ್‌ನಲ್ಲಿ ತಿಕ್ಕಿ ಬಿಟ್ಟುಬಿಡಿ. ಅಲ್ಲಿ ಹೊಳಪು ತಂದರೆ ಒದ್ದೆ ಕಾಲಿಗೆ ಅದೇ ಜಾರುಬಂಡೆ.

ಕಾಂಪೌಂಡ್ ಮತ್ತು ಪಾಲಿಶ್

ಎರಡಡಿ-ಎರಡಡಿ ಚೌಕ ಹಿಡಿಯಿರಿ. ಸುಲಿದ ಅಡಿಕೆ ಗಾತ್ರದ ಎರಡು ಮುದ್ದೆ ಕಾಂಪೌಂಡನ್ನು ದೋಣಿಯ ಮೇಲಿಟ್ಟು, ಯಂತ್ರ ಆಫ್ ಇರುವಾಗಲೇ ಪ್ಯಾಡಿನಿಂದ ಸವರಿ ಹರಡಿ. ಹಾಗೆ ಮಾಡದೆ ಸ್ವಿಚ್ ಒತ್ತಿದರೆ ಕಾಂಪೌಂಡ್ ದೋಣಿಗಲ್ಲ, ನಿಮ್ಮ ಮುಖಕ್ಕೆ. 600 ಸುತ್ತಿನಲ್ಲಿ ಹರಡಿ, 1,200-1,500ಕ್ಕೆ ಏರಿಸಿ. ಪ್ಯಾಡ್ ಹೆಚ್ಚುಕಡಿಮೆ ಚಪ್ಪಟೆಯಾಗಿ ಕೂರಲಿ. ಒಂದೇ ಕಡೆ ನಿಲ್ಲಿಸದೆ, ಹಿಂದಿನ ಸಾಲನ್ನು ಅರ್ಧ ಮುಚ್ಚುವಂತೆ ನಿಧಾನವಾಗಿ ಮೊದಲು ಅಡ್ಡಡ್ಡ, ಮತ್ತೆ ಉದ್ದುದ್ದ. ಅಂಚಿನ ಹತ್ತಿರ ಪ್ಯಾಡಿನ ತಿರುಗು ಅಂಚಿನಿಂದ ಹೊರಕ್ಕೆ ಹೋಗುವ ಹಾಗೆ ಹಿಡಿಯಿರಿ. ಅಂಚಿಗೆ ಎದುರಾಗಿ ತಿರುಗಿದರೆ ಯಂತ್ರ ಎಗರುತ್ತದೆ, ಜೆಲ್‌ಕೋಟ್ ಸುಡುತ್ತದೆ. ವೈರನ್ನು ಹೆಗಲ ಮೇಲೆ ಹಾಕಿಕೊಳ್ಳಿ.

ಎರಡು ಚೌಕಕ್ಕೊಮ್ಮೆ ಉಣ್ಣೆಯನ್ನು ನೈಲಾನ್ ಬ್ರಷ್‌ನಿಂದ ಬಿಡಿಸಿ. ಒಣಗಿದ ಕಾಂಪೌಂಡ್ ಗಂಟುಕಟ್ಟಿದ ಪ್ಯಾಡ್ ಉಜ್ಜುವುದಿಲ್ಲ, ಗೀರುತ್ತದೆ. ಕಾಂಪೌಂಡ್ ತುಂಬ ಬೇಗ ಒಣಗುತ್ತಿದ್ದರೆ ಇನ್ನಷ್ಟು ಕಾಂಪೌಂಡ್ ಸುರಿಯಬೇಡಿ, ನೀರಿನ ಸ್ಪ್ರೇ ಒಂದು ಸಲ ಹೊಡೆಯಿರಿ. ಹೀಗೆ ಇಡೀ ದೋಣಿಗೆ ಎರಡು ಸುತ್ತು.

ಈಗ ಬರುವ ಹೊಳಪನ್ನು ನಂಬಬೇಡಿ. ಕಾಂಪೌಂಡಿನಲ್ಲಿರುವ ಎಣ್ಣೆ ಸಣ್ಣ ಗೀರುಗಳನ್ನು ತುಂಬಿ ಮುಚ್ಚಿರುತ್ತದೆ. ಎರಡು ವಾರ ಬಿಸಿಲು-ಮಳೆ ಕಂಡ ಮೇಲೆ ಎಣ್ಣೆ ಹೋಗಿ ಗೀರು ಮರಳುತ್ತದೆ, ಆಗ ಬೈಗುಳ ಬೀಳುವುದು ಮೇಣಕ್ಕೆ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ ನೋಡಿ. ಆಗ ಕಾಣುವುದು ನಿಜ. ಗೀರು ಉಳಿದಿದ್ದರೆ ಆ ಚೌಕವನ್ನು 2000ದಿಂದ ಮತ್ತೊಮ್ಮೆ ಮಾಡಿ. ಸರಿಯಿದ್ದರೆ ಫೋಮ್ ಪ್ಯಾಡಿಗೆ ಬದಲಿಸಿ, ಫಿನಿಶಿಂಗ್ ಪಾಲಿಶ್, 1,000-1,200 ಸುತ್ತು, ಯಂತ್ರದ ಭಾರವಷ್ಟೇ ಸಾಕು. ಬಿಳಿ ದೋಣಿಗೆ ಒಂದು ಸುತ್ತು ಸಾಕಾಗುತ್ತದೆ. ಕಡುನೀಲಿ, ಕಪ್ಪು, ಕಡುಹಸಿರಿನಲ್ಲಿ ಉಣ್ಣೆ ಬಿಟ್ಟ ಸುಳಿಗೆರೆಗಳು ಬಿಸಿಲಿಗೆ ಜೇಡನ ಬಲೆಯಂತೆ ಕಾಣುವುದರಿಂದ ಎರಡು ಸುತ್ತು ಬೇಕು.

ಮೇಣ

ಪಾಲಿಶ್ ಆದ ಜೆಲ್‌ಕೋಟ್ ಬರಿಮೈಯಲ್ಲಿದೆ, ಅದೇ ವಾರ ಮೇಣ ಬೀಳಬೇಕು. ತೆಳುವಾಗಿ, ಮೂರಡಿ ಉದ್ದಕ್ಕೆ ಹಚ್ಚಿ, ಮಬ್ಬಾಗುವವರೆಗೆ ಕಾಯಿರಿ. ಬೆರಳು ಎಳೆದಾಗ ಗೆರೆ ತಿಳಿಯಾಗಿ ಮೂಡಿದರೆ ಒರೆಸುವ ಹದ. ಅಂಟಂಟಾಗಿ ಎಳೆದರೆ ಇನ್ನೂ ಹಸಿ. ದಪ್ಪ ಹಚ್ಚಿದರೆ ಹೆಚ್ಚು ಬಾಳುವುದಿಲ್ಲ, ಒರೆಸುವಾಗ ತೋಳು ನೋಯುತ್ತದೆ ಅಷ್ಟೆ. ಮರುದಿನ ಎರಡನೇ ಪದರ, ಮೊದಲ ಸಲ ತಪ್ಪಿದ ಜಾಗಗಳು ಇದರಲ್ಲಿ ಮುಚ್ಚುತ್ತವೆ. ಕರಾವಳಿಯ ಬಿಸಿಲಿನಲ್ಲಿ ಕಾರ್ನಾಬಾ ಮೂರು ತಿಂಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ, ಪಾಲಿಮರ್ ಸೀಲಂಟ್ ಅದಕ್ಕಿಂತ ತುಸು ಹೆಚ್ಚು. ಒರೆಸಿದರೆ ಸಾಕು, ಉಜ್ಜುವುದೇ ಬೇಡ ಎಂದು ಮಾರುವ ಆಕ್ರಿಲಿಕ್ ಲೇಪನಗಳು ತಕ್ಷಣ ಹೊಳೆಯುತ್ತವೆ, ನಿಜ. ಆದರೆ ಆಮೇಲೆ ಹಳದಿಯಾಗಿ ಸಿಪ್ಪೆ ಏಳುತ್ತವೆ, ತೆಗೆಯುವುದು ರಗಳೆ.

ಪೇಂಟೇ ಬೇಕಾದಾಗ

ಅರ್ಧಕ್ಕಿಂತ ಹೆಚ್ಚು ಕಡೆ ನಾರು ಕಾಣುತ್ತಿದ್ದರೆ, ಹಿಂದೆ ಎನಾಮೆಲ್ ಬಳಿದಿದ್ದರೆ, ಬಿರುಕು ಬಲೆಯಂತೆ ಹಬ್ಬಿದ್ದರೆ ಪಾಲಿಶ್‌ನ ದಾರಿ ಮುಗಿಯಿತು. ಹೊಸ ಜೆಲ್‌ಕೋಟ್ ಸ್ಪ್ರೇ ಮಾಡಿಸುವುದಕ್ಕಿಂತ ಎಪಾಕ್ಸಿ ಪ್ರೈಮರ್ ಮೇಲೆ ಎರಡು ಭಾಗದ ಪಾಲಿಯುರೆಥೇನ್ ಪೇಂಟ್ ನಮ್ಮ ಆಯ್ಕೆ. ಅಚ್ಚಿಲ್ಲದೆ ಸ್ಪ್ರೇ ಮಾಡಿದ ಜೆಲ್‌ಕೋಟ್ ಕಿತ್ತಳೆ ಸಿಪ್ಪೆಯಂತೆ ಕೂರುತ್ತದೆ. ಅದನ್ನು ಮಟ್ಟ ಮಾಡಲು ಮೇಲಿನ ಎಲ್ಲ ಹಂತವನ್ನೂ ಮತ್ತೆ ಮಾಡಬೇಕು. ಎನಾಮೆಲ್ ಇದ್ದರೆ ಅದನ್ನು ಪೂರ್ತಿ ತೆಗೆದ ಮೇಲೆಯೇ 220ರಿಂದ 320 ನಂಬರಿಗೆ ಉಜ್ಜಿ, ಪ್ರೈಮರ್ ಹಚ್ಚಿ. ಪೇಂಟನ್ನು ಫೋಮ್ ರೋಲರ್‌ನಲ್ಲಿ ತೆಳುವಾಗಿ ಹಚ್ಚುತ್ತ, ಹಿಂದೆಯೇ ಇನ್ನೊಬ್ಬರು ಮೃದು ಬ್ರಷ್‌ನ ತುದಿಯಿಂದ ಸವರುತ್ತ ಬಂದರೆ ಗುಳ್ಳೆ ಒಡೆದು ಮಟ್ಟಸವಾಗುತ್ತದೆ. ಇದರ ಹಾರ್ಡನರ್‌ನಲ್ಲಿ ಉಸಿರಿನ ಜೊತೆ ಒಳಹೋದರೆ ಶ್ವಾಸಕೋಶಕ್ಕೆ ಅಪಾಯ ಮಾಡುವ ಐಸೊಸೈನೇಟ್ ಇರುವುದರಿಂದ ಮನೆಯಂಗಳದಲ್ಲಿ ಸ್ಪ್ರೇ ಗನ್ ಹಿಡಿಯುವುದು ಬೇಡ, ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಸದಾ ನೀರಲ್ಲೇ ನಿಲ್ಲುವ ದೋಣಿಯಾದರೆ ನೀರುಗೆರೆಯ ಕೆಳಗೆ ಈ ಪೇಂಟ್ ಗುಳ್ಳೆ ಏಳುತ್ತದೆ.

ಆಮೇಲಿನ ಪಾಲನೆ

ಸಮುದ್ರದಿಂದ ಬಂದ ಮೇಲೆ ಸಿಹಿನೀರು. ಸೋಪು ಹಾಕುವುದಿದ್ದರೆ ಸೌಮ್ಯವಾದದ್ದು, ಬಟ್ಟೆ ಒಗೆಯುವ ಪುಡಿ ಮೇಣವನ್ನು ಕಿತ್ತೊಯ್ಯುತ್ತದೆ. ನೀರು ಚಿಮುಕಿಸಿದಾಗ ಕೆಸುವಿನೆಲೆಯ ಮೇಲಿನಂತೆ ಮಣಿಯಾಗದೆ ಹರಡಿಕೊಂಡರೆ ಮೇಣ ಮುಗಿದಿದೆ. ನೀಲಿ ಟಾರ್ಪಾಲನ್ನು ದೋಣಿಗೆ ಅಂಟಿಸಿ ಕಟ್ಟಬೇಡಿ. ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ, ಗಾಳಿಗೆ ಬಡಿದುಕೊಂಡು ಅಂಚುಗಳಲ್ಲಿ ಹೊಳಪು ತಿನ್ನುತ್ತದೆ. ಅಡ್ಡಕ್ಕೆ ಬಿದಿರು ಕೊಟ್ಟು, ಒಂದು ಗೇಣು ಎತ್ತರದಲ್ಲಿ ಚಪ್ಪರದಂತೆ ಕಟ್ಟಿ.

ಉಳಿದ ಜೆಲ್‌ಕೋಟ್ ಡಬ್ಬದ ಮೇಲೆ ತಂದ ತಿಂಗಳು ಬರೆದಿಡಿ. ನಮ್ಮ ಶೆಕೆಗೆ ಅದು ಕೆಲವೇ ತಿಂಗಳಲ್ಲಿ ತಾನಾಗಿ ಗಟ್ಟಿಯಾಗುತ್ತದೆ. ಎಂಇಕೆಪಿ ಬಾಟಲಿಯನ್ನು ಕೋಬಾಲ್ಟ್ ಇರುವ ಕಪಾಟಿನಲ್ಲಿಡದೆ ಬೇರೆ ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅದು ತಾಗಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯದೆ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ.